ನಕ್ಷೆಯ ಬಾವಿಗೂ ಒಂದು ದಾಖಲಾತಿ ಸಂಖ್ಯೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



‘ನೀವು ಮಾಡುವ ಕೆಲಸದ ಬಗ್ಗೆ ಊರಿನವರಿಗೆ ಅರ್ಥವಾಗುವ ಹಾಗೆ ಮಾತಾಡಿ’ ಎಂದು ಸಮಿತಿಯವರು ಹೇಳಿದ್ದಾರೆ. ನನ್ನ ಕೆಲಸ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು. ಅದಕ್ಕೆ ಜಿಐಎಸ್ ಎನ್ನುತ್ತಾರೆ, ಭೌಗೋಳಿಕ ಮಾಹಿತಿ ವ್ಯವಸ್ಥೆ. ಹೆಸರು ದೊಡ್ಡದು. ಆದರೆ ಅದರ ತಿರುಳು ಏನು ಎಂದು ಕೇಳಿದರೆ ನಾನು ಎರಡೇ ಮಾತು ಹೇಳುತ್ತೇನೆ: ಗುರುತಿಸುವುದು ಮತ್ತು ಜೋಡಿಸುವುದು. ನಕ್ಷೆಯ ಮೇಲೆ ಬೆರಳಿಟ್ಟರೆ ‘ಇದು ಇಂಥದ್ದು’ ಎಂದು ಅದು ಹೇಳಬೇಕು. ಹೇಳಿದ್ದು ಸರಿಯಾದ ಕಾಗದಕ್ಕೆ, ಸರಿಯಾದ ದಾಖಲೆಗೆ ಜೋಡಣೆಯಾಗಿರಬೇಕು. ಈ ಎರಡು ಸರಿಯಿದ್ದರೆ ನಕ್ಷೆ ಕೆಲಸಕ್ಕೆ ಬರುತ್ತದೆ. ತಪ್ಪಿದರೆ ಅದು ಬಣ್ಣದ ಚಿತ್ರ ಮಾತ್ರ. ಕೆಲವು ಸಲ ಚಿತ್ರಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಜನ ಅದನ್ನು ನಂಬುತ್ತಾರೆ.

ಇಲ್ಲಿ ಕೂತಿರುವವರಲ್ಲಿ ಬಹಳ ಜನರ ಮೊಬೈಲಿನಲ್ಲಿ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ಇರಬಹುದು. ಹೊಲದಲ್ಲಿ ನಿಂತು ತೆರೆದರೆ ನೀವು ನಿಂತಿರುವ ಸರ್ವೆ ನಂಬರ್ ಯಾವುದು ಎಂದು ತೋರಿಸುತ್ತದೆ. ‘ಅದಕ್ಕೆ ಹೇಗೆ ಗೊತ್ತಾಗುತ್ತದೆ?’ ಎಂದು ನಮ್ಮ ಚಿಕ್ಕಪ್ಪ ಒಂದು ಸಲ ನನ್ನನ್ನು ಕೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲ ಹೆಜ್ಜೆ, ಜಾಗ. ಉಪಗ್ರಹಗಳ ಸಂಕೇತದಿಂದ ಮೊಬೈಲು ತಾನಿರುವ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕುತ್ತದೆ. ಸಮಾಜ ವಿಜ್ಞಾನದ ಪಾಠದಲ್ಲಿ ಕಲಿತ ಅದೇ ಅಕ್ಷಾಂಶ, ರೇಖಾಂಶ. ನಮ್ಮ ಕಡೆ ಸುಮಾರು 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ. ಇಲ್ಲಿ ಮಕ್ಕಳಿಗೆ ಒಂದು ತಮಾಷೆ ಹೇಳಬೇಕು. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ. ವೆಬ್ ನಕ್ಷೆಗಳಲ್ಲಿ ಹೆಚ್ಚು ಬಳಸುವ ಜಿಯೋಜೇಸನ್ ಎಂಬ ಕಡತದಲ್ಲಿ ರೇಖಾಂಶ ಮೊದಲು ಬರೆಯಬೇಕು. ಯಾರಾದರೂ ಈ ಎರಡನ್ನು ಅದಲುಬದಲು ಮಾಡಿದರೆ ನಮ್ಮ ಊರು ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ, ಹಿಮದ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ರಾಗಿ ಬೆಳೆಯುವ ಊರು ಅಲ್ಲಿ ಏನು ಮಾಡೀತು!

ಎರಡನೆಯ ಹೆಜ್ಜೆ, ಆ ಜಾಗ ಯಾವ ಹೊಲದ ಒಳಗಿದೆ ಎಂದು ಕಂಡುಹಿಡಿಯುವುದು. ಮನುಷ್ಯ ಕಣ್ಣಿನಿಂದ ನೋಡಿ ಹೇಳುತ್ತಾನೆ. ಕಂಪ್ಯೂಟರಿಗೆ ಕಣ್ಣಿಲ್ಲ. ಅದಕ್ಕೆ ಗೊತ್ತಿರುವುದು ಹೊಲದ ಮೂಲೆಗಳ ಅಂಕಿಗಳು ಮಾತ್ರ. ಆದ್ದರಿಂದ ಅದು ಒಂದು ಉಪಾಯ ಮಾಡುತ್ತದೆ. ನೀವು ನಿಂತ ಜಾಗದಿಂದ ಒಂದೇ ದಿಕ್ಕಿಗೆ ನೇರವಾಗಿ ಊರಾಚೆಗೆ ನಡೆದುಹೋಗಿ ಎಂದುಕೊಳ್ಳಿ. ದಾರಿಯಲ್ಲಿ ಆ ಒಂದು ಹೊಲದ ಬದುವನ್ನು ಎಷ್ಟು ಸಲ ದಾಟಿದಿರಿ ಎಂದು ಎಣಿಸಿ. ಒಂದು, ಮೂರು, ಐದು, ಹೀಗೆ ಬೆಸ ಸಂಖ್ಯೆ ಬಂದರೆ ನೀವು ಹೊರಟದ್ದು ಹೊಲದ ಒಳಗಿನಿಂದ. ಸೊನ್ನೆ, ಎರಡು, ನಾಲ್ಕು, ಹೀಗೆ ಸಮ ಸಂಖ್ಯೆ ಬಂದರೆ ಹೊರಗಿನಿಂದ. ಬದು ದಾಟಿದಾಗಲೆಲ್ಲ ಒಳಗಿದ್ದವರು ಹೊರಗಾಗುತ್ತೀರಿ, ಹೊರಗಿದ್ದವರು ಒಳಗಾಗುತ್ತೀರಿ. ಕೊನೆಗೆ ಊರಾಚೆ ನಿಂತಾಗ ಖಂಡಿತ ಹೊರಗೇ ಇರುತ್ತೀರಿ. ಹೊಲ ಎಷ್ಟೇ ಸೊಟ್ಟಗಿರಲಿ, ಮೊಣಕೈ ತಿರುವಿರಲಿ, ಈ ಲೆಕ್ಕ ತಪ್ಪುವುದಿಲ್ಲ. ಎಂಟನೇ ತರಗತಿಯ ಮಕ್ಕಳು ನಾಳೆ ಆಟದ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಒಂದು ಸೊಟ್ಟ ಹೊಲ ಬರೆದು ಪರೀಕ್ಷೆ ಮಾಡಿ ನೋಡಿ.

ಮೂರನೆಯ ಹೆಜ್ಜೆ, ದಾಖಲೆ. ಹೊಲದ ಆಕಾರ ಸಿಕ್ಕಿತು. ಅದಕ್ಕೆ ಒಂದು ಸಂಖ್ಯೆ ಇದೆ. ಆ ಸಂಖ್ಯೆ ಹಿಡಿದು ಬೇರೆ ಕಡೆ ಇರುವ ದಾಖಲೆಯನ್ನು ಹುಡುಕಿ ತರಬೇಕು. ಇದೇ ಜೋಡಣೆ. ಜೋಡಣೆ ಎರಡೂ ಕಡೆಯಿಂದ ನಡೆಯುತ್ತದೆ. ನಕ್ಷೆಯಿಂದ ದಾಖಲೆಗೂ ಹೋಗಬಹುದು, ದಾಖಲೆಯಿಂದ ನಕ್ಷೆಗೂ ಬರಬಹುದು.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಶಾಲೆಯ ಕಚೇರಿಯ ಬೀರುವಿನಲ್ಲಿ ಐವತ್ತು ವರ್ಷದ ದಾಖಲಾತಿ ರಿಜಿಸ್ಟರುಗಳಿವೆ. ಒಂದೇ ವರ್ಷ ಮೂರು ಜನ ಮಂಜುನಾಥರು ಸೇರಿರುತ್ತಾರೆ. ಅವರಲ್ಲಿ ಇಬ್ಬರ ಇನಿಷಿಯಲ್ಲೂ ಒಂದೇ ಇರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಒಬ್ಬ ಮಂಜುನಾಥ ಬಂದು ‘ಟಿ.ಸಿ. ನಕಲು ಬೇಕು ಸಾರ್’ ಎಂದರೆ ಗುಮಾಸ್ತರು ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಸೇರಿದ ವರ್ಷ ಕೇಳುತ್ತಾರೆ, ರಿಜಿಸ್ಟರ್ ತೆಗೆಯುತ್ತಾರೆ, ದಾಖಲಾತಿ ಸಂಖ್ಯೆ ಹುಡುಕುತ್ತಾರೆ. ಆ ಸಂಖ್ಯೆ ಸಿಕ್ಕಿತೆಂದರೆ ಹುಟ್ಟಿದ ದಿನಾಂಕ, ತಂದೆಯ ಹೆಸರು, ಶಾಲೆ ಬಿಟ್ಟ ದಿನ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಒಬ್ಬ ಹುಡುಗ ಶಾಲೆ ಬಿಟ್ಟ ಎಂದು ಅವನ ಸಂಖ್ಯೆಯನ್ನು ಮರುವರ್ಷ ಸೇರಿದ ಇನ್ನೊಬ್ಬನಿಗೆ ಕೊಡುವುದಿಲ್ಲ. ಒಬ್ಬರಿಗೆ ಒಂದೇ ಸಂಖ್ಯೆ. ಒಂದು ಸಂಖ್ಯೆ ಒಬ್ಬರಿಗೇ. ಕೊಟ್ಟ ಸಂಖ್ಯೆ ಮತ್ತೊಬ್ಬರಿಗಿಲ್ಲ. ಜಿಐಎಸ್ ಕಲಿಸುವ ಪುಸ್ತಕಗಳಲ್ಲಿ ಅಧ್ಯಾಯಗಟ್ಟಲೆ ಹೇಳುವ ನಿಯಮ ಈ ಮೂರು ಮಾತಿನಲ್ಲಿದೆ.

ನಮ್ಮ ನಾಡಿನವರು ಜಾಗ ಗುರುತಿಸುವ ಸಮಸ್ಯೆಯನ್ನು ಬಹಳ ಹಿಂದಿನಿಂದಲೂ ಎದುರಿಸಿದ್ದಾರೆ. ಹಳೆಯ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಹುಣಸೆಮರ, ಹುತ್ತ, ಬಂಡೆ, ಹಳ್ಳ ಎಂದು ಸುತ್ತಲಿನ ಗುರುತುಗಳನ್ನು ಹೇಳುತ್ತಾ ಹೋಗುತ್ತಾರೆ. ಇವತ್ತಿಗೂ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತೇವೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ತೋಟ. ನೆರೆಹೊರೆಯಿಂದ ಗುರುತು ಹೇಳುವ ಕ್ರಮ ಇದು. ಒಳ್ಳೆಯ ಕ್ರಮವೇ. ಆದರೆ ಹುಣಸೆಮರ ಬೀಳುತ್ತದೆ, ಪಕ್ಕದ ಜಮೀನು ಮಾರಾಟವಾಗುತ್ತದೆ, ಹಳ್ಳ ಮುಚ್ಚಿಹೋಗುತ್ತದೆ. ಆಗ ಚಕ್ಕುಬಂದಿ ಓದಿದರೆ ಯಾವ ಜಾಗವೆಂದು ತಿಳಿಯುವುದು ಕಷ್ಟ.

ಅದಕ್ಕೇ ಸರ್ವೆ ನಂಬರ್ ಬಂತು. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ, 16 ಆಣೆ ಒಂದು ಗುಂಟೆ ಎಂಬ ಲೆಕ್ಕ ನಮ್ಮ ತಾತಂದಿರಿಗೆ ಬಾಯಿಪಾಠವಿತ್ತು. ಸರಪಳಿ ಹಿಡಿದು ಅಳೆದವರು ಪ್ರತಿ ಹೊಲಕ್ಕೂ ಗ್ರಾಮದೊಳಗೆ ಒಂದೊಂದು ಸಂಖ್ಯೆ ಕೊಟ್ಟರು. ಮುಂದೆ 45ನೇ ನಂಬರು ಭಾಗವಾದರೆ 45/1, 45/2 ಎಂದು ಹಿಸ್ಸಾ ಮಾಡಿದರು. ಇದರಲ್ಲಿ ಎಂಥ ಜಾಣತನವಿದೆ ನೋಡಿ. 45/2 ಎಂದ ಕೂಡಲೇ ಇದು 45ರಿಂದ ಒಡೆದದ್ದು ಎಂದು ಮಗುವಿಗೂ ಗೊತ್ತಾಗುತ್ತದೆ. ಸಂಖ್ಯೆಯೇ ತನ್ನ ಹುಟ್ಟು ಹೇಳುತ್ತದೆ.

ಶಾಸನಗಳ ವಿಷಯದಲ್ಲೂ ಹೀಗೆಯೇ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರತರಲು ಶುರುಮಾಡಿದ್ದು 1886ರಲ್ಲಿ. ತಾಲ್ಲೂಕುವಾರು ಒಂದೊಂದು ಶಾಸನಕ್ಕೂ ಸಂಖ್ಯೆ ಹಾಕಿದರು. ಇವತ್ತು ಯಾರಾದರೂ ಒಂದು ವೀರಗಲ್ಲಿನ ಜಾಗವನ್ನು ಮೊಬೈಲ್ ನಕ್ಷೆಯಲ್ಲಿ ಗುರುತಿಸಿದರೆ, ಆ ಚುಕ್ಕಿಯನ್ನು ನೂರು ವರ್ಷಕ್ಕಿಂತ ಹಳೆಯ ಪುಸ್ತಕದ ಪುಟಕ್ಕೆ ಜೋಡಿಸಲು ನೆರವಾಗುವುದು ಅದೇ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆ. ಅವರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಕ್ರಮ ಇತ್ತು. ಆ ಕ್ರಮ ಈಗಲೂ ನಡೆಯುತ್ತಿದೆ.

‘ಸಂಖ್ಯೆ ಯಾಕೆ ಬೇಕು, ಹೆಸರಿದ್ದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಸಾಲದು. ಹೊಸಹಳ್ಳಿ ಎಂಬ ಊರು ನಮ್ಮ ರಾಜ್ಯದಲ್ಲಿ ಎಷ್ಟಿವೆ ಎಂದು ನೆನೆಸಿಕೊಳ್ಳಿ. ರಾಂಪುರಗಳು, ಹೊಸೂರುಗಳು, ಗೊಲ್ಲರಹಟ್ಟಿಗಳು ಎಷ್ಟಿವೆ! ಇಂಗ್ಲಿಷಿನಲ್ಲಿ ಬರೆದಾಗ ಒಬ್ಬರು ಒಂದು ‘ಎಲ್’ ಹಾಕುತ್ತಾರೆ, ಇನ್ನೊಬ್ಬರು ಎರಡು. ಕನ್ನಡದಲ್ಲಿ ಬರೆದರೂ ತೊಂದರೆ ತಪ್ಪಿದ್ದಲ್ಲ. ರಾಂಪುರ ಎಂದೊಬ್ಬರು, ರಾಮ್‌ಪುರ ಎಂದೊಬ್ಬರು, ರಾಮಪುರ ಎಂದು ಮತ್ತೊಬ್ಬರು. ನಮಗೆ ಮೂರೂ ಒಂದೇ. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಊರು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಈಗಿನ ಯುನಿಕೋಡ್ ಪಟ್ಟಿಯ ಜೊತೆ ಇಟ್ಟರಂತೂ ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಹೆಸರು ಒಳಗೆ ಪೂರಾ ಬೇರೆಯಾಗಿರುತ್ತವೆ.

ಅದಕ್ಕೇ ಈಗ ಎಲ್ಲಕ್ಕೂ ಸಂಕೇತ ಸಂಖ್ಯೆ. ನಮ್ಮ ಶಾಲೆಗೂ ಒಂದಿದೆ, ಮಕ್ಕಳು ಬೇಕಾದರೆ ಕಚೇರಿಯಲ್ಲಿ ಕೇಳಿ ನೋಡಿ, ಯು-ಡೈಸ್ ಸಂಖ್ಯೆ ಎನ್ನುತ್ತಾರೆ. 11 ಅಂಕಿಗಳು. ಮೊದಲ ಎರಡು ರಾಜ್ಯ, ಕರ್ನಾಟಕಕ್ಕೆ 29. ಆಮೇಲೆ ಎರಡು ಜಿಲ್ಲೆ, ಎರಡು ಬ್ಲಾಕ್, ಮೂರು ಊರು, ಕೊನೆಯ ಎರಡು ಶಾಲೆ. ಶಾಲೆಯ ಹೆಸರು ನಾಳೆ ದಾನಿಗಳ ಹೆಸರಿನಿಂದ ಬದಲಾಗಬಹುದು, ಹೊಸ ಫಲಕ ಬರಬಹುದು. ಈ ಸಂಖ್ಯೆ ಇರುವವರೆಗೆ ಮಕ್ಕಳ ಹಾಜರಿಯ ಪಟ್ಟಿ, ಕಟ್ಟಡದ ಪಟ್ಟಿ, ನಕ್ಷೆಯ ಚುಕ್ಕಿ, ಮೂರೂ ಒಂದೇ ಶಾಲೆಗೆ ಬಂದು ಸೇರುತ್ತವೆ. ಜಮೀನಿಗೂ ಈಗ ದೇಶಕ್ಕೆಲ್ಲ ಒಂದೇ ಬಗೆಯ 14 ಅಕ್ಷರ-ಅಂಕಿಗಳ ಗುರುತು ಕೊಡುವ ಕೆಲಸ ನಡೆಯುತ್ತಿದೆ. ಭೂ ಆಧಾರ್ ಎಂದು ಕರೆಯುತ್ತಾರೆ. ಹೊಲದ ಮೂಲೆಗಳ ಅಕ್ಷಾಂಶ, ರೇಖಾಂಶದ ಆಧಾರದ ಮೇಲೆ ಅದನ್ನು ಕೊಡುತ್ತಾರೆ.

ಇಷ್ಟು ಕೇಳಿ ‘ಹಾಗಾದರೆ ಸಂಖ್ಯೆ ಹಾಕಿಬಿಟ್ಟರೆ ಮುಗಿಯಿತಲ್ಲ’ ಎಂದು ನಿಮಗೆ ಅನ್ನಿಸಬಹುದು. ಮುಗಿಯುವುದಿಲ್ಲ. ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಊರು ಯಾವುದು, ಕಚೇರಿ ಯಾವುದು ಎಂದು ಕೇಳಬೇಡಿ.

ಬಯಲುಸೀಮೆಯ ಒಂದು ಊರು. ಅಲ್ಲಿಯ ನೀರಿನಲ್ಲಿ ಫ್ಲೋರೈಡ್ ಇದೆ. ಪಾವಗಡದ ಕಡೆಯವರಿಗೆ ಈ ಮಾತು ಹೊಸದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ, ಕೀಲು ಹಿಡಿದುಕೊಳ್ಳುತ್ತದೆ. ನೀರು ಕಾಯಿಸಿದರೆ ಹೋಗುವ ಪದಾರ್ಥವೂ ಅಲ್ಲ. ಆ ಊರಿನ ಕೊಳವೆಬಾವಿಗಳ ಪಟ್ಟಿ ಒಂದಿತ್ತು, ಅಕ್ಷಾಂಶ, ರೇಖಾಂಶ ಸಮೇತ. ನೀರು ಪರೀಕ್ಷೆಯ ಫಲಿತಾಂಶದ ಪಟ್ಟಿ ಇನ್ನೊಂದು. ಎರಡನ್ನೂ ಜೋಡಿಸಿ ವೆಬ್ ನಕ್ಷೆ ಮಾಡಿದ್ದರು. ಒಳ್ಳೆಯ ನೀರಿಗೆ ಹಸಿರು ಚುಕ್ಕಿ, ಕೆಟ್ಟ ನೀರಿಗೆ ಕೆಂಪು ಚುಕ್ಕಿ. ಚುಕ್ಕಿ ಮುಟ್ಟಿದರೆ ಪರೀಕ್ಷೆಯ ಅಂಕಿ ತೆರೆದುಕೊಳ್ಳುತ್ತದೆ. ನೋಡಲು ಬಹಳ ಚೆನ್ನಾಗಿತ್ತು. ಬಳಕೆಗೆ ಬಿಡುವ ಮುಂಚೆ ಕೆಲವು ಊರುಗಳಿಗೆ ಹೋಗಿ ತಾಳೆ ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಹೋಗಿ ನೋಡಿದರೆ ಮಾರಮ್ಮನ ಗುಡಿಯ ಸುತ್ತ ಮೂರು ಕೊಳವೆಬಾವಿ. ಒಂದು ಬತ್ತಿದ್ದು, ಮೂತಿಗೆ ಕಲ್ಲು ಮುಚ್ಚಿದ್ದರು. ಒಂದು ಮೋಟಾರಿನದ್ದು, ಅದರ ನೀರು ಓವರ್‌ಹೆಡ್ ಟ್ಯಾಂಕಿಗೆ ಹೋಗುತ್ತದೆ. ಮೂರನೆಯದು ಅಂಗನವಾಡಿಯ ಪಕ್ಕದ ಕೈಪಂಪು. ಒಂದು ಪಟ್ಟಿಯಲ್ಲಿ ‘ಮಾರಮ್ಮನ ಗುಡಿ ಬೋರ್’ ಎಂದಿದೆ. ಇನ್ನೊಂದರಲ್ಲಿ ‘ಗುಡಿ ಹತ್ತಿರದ ಕೊಳವೆಬಾವಿ’ ಎಂದಿದೆ. ಗುಡಿ, ಗುಡಿ ಹೊಂದಿಕೆಯಾಯಿತು ಎಂದು ಕೆಂಪು ಬಣ್ಣ ಮೋಟಾರಿನ ಬೋರಿಗೆ ಬಿದ್ದಿದೆ. ಕೈಪಂಪು ಹಸಿರು.

ಆ ಊರಿನ ನೀರುಗಂಟಿ ಅಲ್ಲೇ ನಿಂತಿದ್ದರು. ವಯಸ್ಸಾದವರು, ಓದು ಬರಹ ಅಷ್ಟಕ್ಕಷ್ಟೆ. ಮೊಬೈಲು ನೋಡಿ, ‘ಇದ್ಯಾಕೆ ಸ್ವಾಮಿ ಟ್ಯಾಂಕಿನ ಬೋರು ಕೆಂಪಗೈತೆ?’ ಎಂದರು. ನೀರು ಕೆಟ್ಟದ್ದೆಂದು ರಿಪೋರ್ಟು ಬಂದಿದೆ ಎಂದೆ. ‘ಅವತ್ತು ಬಾಟ್ಲಿ ತುಂಬಿಸಿದ್ದು ಕೈಪಂಪಿಂದು. ನಾನೇ ಒತ್ತಿ ಕೊಟ್ಟಿವ್ನಿ. ಆವತ್ತು ಕರೆಂಟೇ ಇರಲಿಲ್ಲ, ಮೋಟ್ರು ಎಲ್ಲಿಂದ ಓಡ್ತದೆ?’ ಎಂದರು.

ನೋಡಿ, ಒಂದು ಮಾತಿನಲ್ಲಿ ನಕ್ಷೆ ತಲೆಕೆಳಗಾಯಿತು. ಜನ ಟ್ಯಾಂಕಿನ ನೀರು ಬಿಟ್ಟು, ಹಸಿರು ತೋರಿಸಿದ್ದಾರೆಂದು ನಂಬಿ ಕೈಪಂಪಿನ ನೀರನ್ನೇ ಅಂಗನವಾಡಿ ಮಕ್ಕಳಿಗೆ ಕುಡಿಸಿದ್ದರೆ? ಪರೀಕ್ಷೆ ಮಾಡಿದವರು ಸರಿಯಾಗಿಯೇ ಮಾಡಿದ್ದರು. ಅಕ್ಷಾಂಶ, ರೇಖಾಂಶ ಅಳೆದವರೂ ಸರಿಯಾಗಿಯೇ ಅಳೆದಿದ್ದರು. ತಂತ್ರಾಂಶದಲ್ಲೂ ದೋಷವಿರಲಿಲ್ಲ. ಇದಕ್ಕೂ ಅದಕ್ಕೂ ನಡುವಿನ ಕೊಂಡಿ ಮಾತ್ರ ತಪ್ಪಿತ್ತು. ಮೂರೂ ಬಾವಿಗಳ ಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದು, ನೀರು ತುಂಬಿದ ಬಾಟಲಿಯ ಮೇಲೂ ಅದೇ ಸಂಖ್ಯೆ ಬರೆದಿದ್ದರೆ ಈ ಗೊಂದಲ ಆಗುತ್ತಲೇ ಇರಲಿಲ್ಲ. ಆಮೇಲೆ ಹಾಗೆಯೇ ಮಾಡಿದರು. ನೀರನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ನೀರುಗಂಟಿಯ ಮಾತೇ ನಿಜವಾಯಿತು. ಕೈಪಂಪಿಗೆ ಕೆಂಪು ಬಳಿದು ‘ಕುಡಿಯಲು ಅಲ್ಲ’ ಎಂದು ಬರೆದರು.

ಇದರಿಂದ ನಾನು ತಿಳಿದದ್ದು ಇಷ್ಟು. ಜೋಡಣೆ ಮಾಡುವುದು ಕಂಪ್ಯೂಟರು, ಆದರೆ ಜೋಡಣೆ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಆ ಜಾಗದಲ್ಲಿ ಬದುಕುವ ಜನ. ನಗರದ ಕಚೇರಿಯಲ್ಲಿ ಎಷ್ಟು ದೊಡ್ಡ ಪರದೆ ಇದ್ದರೂ ಅವತ್ತು ಕರೆಂಟು ಇರಲಿಲ್ಲ ಎಂಬುದು ಅದರಲ್ಲಿ ಕಾಣುವುದಿಲ್ಲ.

ಜಮೀನಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಇದರಿಂದ ಅಣ್ಣ ತಮ್ಮಂದಿರಲ್ಲಿ ಜಗಳ ಬಂದದ್ದನ್ನು ನೋಡಿದ್ದೇನೆ. ಪೋಡಿ ಆಗದ ಜಮೀನು ನಮ್ಮಲ್ಲಿ ಬಹಳ ಇದೆ. ಪಹಣಿಯಲ್ಲಿ ಒಂದೇ ಸರ್ವೆ ನಂಬರಿಗೆ ನಾಲ್ಕೈದು ಜನರ ಹೆಸರು, ಒಬ್ಬೊಬ್ಬರ ಮುಂದೆ ಇಷ್ಟು ಎಕರೆ, ಇಷ್ಟು ಗುಂಟೆ ಎಂದು ಇರುತ್ತದೆ. ನಕ್ಷೆಯಲ್ಲಿ ಮಾತ್ರ ಒಂದೇ ಆಕಾರ. ಅಳೆದು, ಗಡಿ ಗುರುತಿಸಿ, ಹಿಸ್ಸಾ ನಂಬರ್ ಕೊಡುವವರೆಗೆ ಆ ಐವರ ಪಾಲಿಗೆ ನಕ್ಷೆಯಲ್ಲಿ ಜಾಗವಿಲ್ಲ. ಬೆರಳಿಟ್ಟರೆ ಐವರ ಹೆಸರೂ ಒಟ್ಟಿಗೆ ಬರುತ್ತದೆ. ಎಂಥ ತಂತ್ರಾಂಶವೂ ಇಲ್ಲದ ಗೆರೆಯನ್ನು ಎಳೆದು ತೋರಿಸಲಾರದು. ಹೆಣ್ಣುಮಕ್ಕಳ ಪಾಲು, ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬಂದ ಪಾಲು ಎಷ್ಟೋ ಕಡೆ ಹೀಗೆ ಹೆಸರಾಗಿಯೇ ಉಳಿದಿದೆ, ಆಕಾರವಾಗಿಲ್ಲ. ಯಾರಿಗೆ ಪೋಡಿ ಬಾಕಿ ಇದೆಯೋ ಅವರು ಹಿರಿಯರು ಬದುಕಿರುವಾಗಲೇ, ಮನಸ್ಸುಗಳು ಸರಿಯಿರುವಾಗಲೇ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಬಯಲಿನಲ್ಲಿ ನಿಂತರೂ ಮೊಬೈಲು ತೋರಿಸುವ ಜಾಗ ಸಾಮಾನ್ಯವಾಗಿ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಮರದ ನೆರಳಿನಲ್ಲಿ, ಗೋಡೆಯ ಪಕ್ಕದಲ್ಲಿ ಇನ್ನೂ ಹೆಚ್ಚು. ಗುಂಟೆಯ ಒಂದು ಬದಿ 33 ಅಡಿ, ಅಂದರೆ ಸುಮಾರು 10 ಮೀಟರ್. ಅದರ ಅರ್ಧದಷ್ಟು ವ್ಯತ್ಯಾಸ ಮೊಬೈಲಿನಲ್ಲೇ ಇದೆ! ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಅದು ಸಾಕು. ಬದು ಎಲ್ಲಿದೆ ಎಂದು ತೀರ್ಮಾನಿಸಲು ಸಾಲದು. ಮೊಬೈಲು ನೋಡಿ ಬಾಂದಕಲ್ಲು ಕೀಳಬೇಡಿ. ಅದಕ್ಕೆ ಭೂಮಾಪಕರು ಬಂದು ಅಳೆಯಬೇಕು.

ಹಾಗೆಯೇ, ನಕ್ಷೆ ಮುಟ್ಟುವ ಮುಂಚೆ ಹತ್ತಿರಕ್ಕೆ ಹಿಗ್ಗಿಸಿಕೊಳ್ಳಿ. ಇಡೀ ಜಿಲ್ಲೆ ಕಾಣುವ ಮಟ್ಟದಲ್ಲಿ ಪರದೆಯ ಒಂದು ಚುಕ್ಕಿ ನೆಲದ ಮೇಲೆ ಸುಮಾರು 150 ಮೀಟರ್ ಆಗಿರುತ್ತದೆ. ನಮ್ಮ ಬೆರಳು ಅಂಥ 40 ಚುಕ್ಕಿ ಮುಚ್ಚಿದರೆ 6 ಕಿಲೋಮೀಟರ್ ಆಯಿತು. ಆರು ಕಿಲೋಮೀಟರ್ ಅಗಲದ ಬೆರಳಿಟ್ಟು ‘ನನ್ನ ಬಾವಿ ತೋರಿಸು’ ಎಂದರೆ ಅದು ತಾನೇ ಏನು ಮಾಡೀತು? ಬಾವಿ ಹೊಲದೊಳಗಿದೆ, ಹೊಲ ಗ್ರಾಮದೊಳಗಿದೆ, ಗ್ರಾಮ ಹೋಬಳಿಯೊಳಗಿದೆ. ಒಂದರ ಮೇಲೊಂದು ಪದರವಾಗಿ ಎಲ್ಲವೂ ಬೆರಳಿನ ಕೆಳಗೇ ಇರುತ್ತವೆ. ಯಾವುದನ್ನು ಕೇಳುತ್ತಿದ್ದೀರಿ ಎಂದು ಪದರ ಆರಿಸಿಕೊಂಡು ಮುಟ್ಟಬೇಕು.

ಈಗ ನನ್ನ ಮನಸ್ಸಿನಲ್ಲಿರುವ ಒಂದು ಕೋರಿಕೆಗೆ ಬರುತ್ತೇನೆ. ಖಾಸಗಿ ಜಮೀನಿಗೆ ಸರ್ವೆ ನಂಬರಿದೆ, ಪಹಣಿ ಇದೆ, ಕೇಳುವ ವಾರಸುದಾರರಿದ್ದಾರೆ. ನಮ್ಮ ಊರಿನ ಸಾಮಾನ್ಯ ಆಸ್ತಿಗೆ? ಕೆರೆಗೆ ನೀರು ತರುವ ಕಾಲುವೆ, ಅದರ ತೂಬು, ಕೋಡಿ, ಸೇದುವ ಬಾವಿ, ಕಲ್ಯಾಣಿ, ಗುಂಡುತೋಪು, ಬಂಡಿದಾರಿ, ಸ್ಮಶಾನಕ್ಕೆ ಹೋಗುವ ಓಣಿ, ಗುಡಿಯ ಹಿಂದಿನ ವೀರಗಲ್ಲು. ಇವುಗಳಲ್ಲಿ ಎಷ್ಟಕ್ಕೆ ಊರಿನಲ್ಲಿ ಒಂದು ಪಟ್ಟಿ ಇದೆ? ಗ್ರಾಮನಕ್ಷೆಯಲ್ಲಿ ಕೆಲವು ಇವೆ, ಹಲವು ಇಲ್ಲ. ಹೆಸರಿಲ್ಲದ, ಸಂಖ್ಯೆ ಇಲ್ಲದ ಜಾಗ ಮೊದಲು ಮರೆತುಹೋಗುತ್ತದೆ, ಆಮೇಲೆ ಮಾಯವಾಗುತ್ತದೆ. ಮಾಯವಾದ ಮೇಲೆ ‘ಇಲ್ಲಿ ಕಾಲುವೆ ಇತ್ತು’ ಎಂದು ಹೇಳಿದರೆ ‘ಎಲ್ಲಿತ್ತು, ತೋರಿಸಿ’ ಎನ್ನುತ್ತಾರೆ. ತೋರಿಸುವುದಕ್ಕೆ ಏನೂ ಇರುವುದಿಲ್ಲ.

ಈ ಕೆಲಸವನ್ನು ನಮ್ಮ ಶಾಲೆ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಪ್ರಾರ್ಥನೆ. 2004ರಲ್ಲಿ ಶುರುವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ನಕ್ಷೆ ಇದೆ. ಜಗತ್ತಿನ ಯಾರು ಬೇಕಾದರೂ ತಮ್ಮ ಊರನ್ನು ಅದರಲ್ಲಿ ಬರೆಯಬಹುದು, ದುಡ್ಡು ಕೊಡಬೇಕಾಗಿಲ್ಲ, ಹೆಸರನ್ನು ಕನ್ನಡದಲ್ಲೂ ಬರೆಯಬಹುದು. ಅಲ್ಲಿ ಬಾವಿ ಒಂದು ಬಿಂದು, ಕಾಲುವೆ ಒಂದು ಗೆರೆ, ಕೆರೆ ಒಂದು ಮುಚ್ಚಿದ ಗೆರೆ. ಪ್ರತಿಯೊಂದಕ್ಕೂ ಅದೇ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯಿಂದ ಒಂದು ವೆಬ್ ವಿಳಾಸ ಹುಟ್ಟುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ದುಬೈಯಲ್ಲಿರುವ ನಮ್ಮ ಸಹಪಾಠಿಯ ಮೊಬೈಲಿನಲ್ಲಿ ನೇರವಾಗಿ ನಮ್ಮ ಕೆರೆಯ ತೂಬೇ ತೆರೆದುಕೊಳ್ಳುತ್ತದೆ. ಆದರೆ ಒಂದು ಸೂಕ್ಷ್ಮವಿದೆ. ಯಾರಾದರೂ ಆ ಬಿಂದುವನ್ನು ಅಳಿಸಿ ಮತ್ತೆ ಬರೆದರೆ ಅದರ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ನಮ್ಮದೇ ಆದ ಸಂಖ್ಯೆ ಇರಬೇಕು. ಅದನ್ನು ನಮ್ಮ ರಿಜಿಸ್ಟರಿನಲ್ಲಿ ಬರೆದು, ನಕ್ಷೆಯಲ್ಲಿ ಆ ಬಿಂದುವಿನ ಗುಣಗಳ ಜೊತೆಗೂ ನಮೂದಿಸಬೇಕು. ನಕ್ಷೆ ಹೋದರೂ ರಿಜಿಸ್ಟರ್ ಇರುತ್ತದೆ.

ಹೇಗೆ ಮಾಡುವುದು? ದಾಖಲಾತಿ ರಿಜಿಸ್ಟರಿನ ಹಾಗೆಯೇ ಒಂದು ಉದ್ದನೆಯ ಪುಸ್ತಕ. ಮೊದಲ ಕಾಲಂ ಸಂಖ್ಯೆ. ಎರಡನೆಯದು ಊರಿನವರು ಕರೆಯುವ ಹೆಸರು. ಎರಡು ಮೂರು ಹೆಸರಿದ್ದರೆ ಎಲ್ಲವನ್ನೂ ಬರೆಯಬೇಕು, ಒಂದನ್ನೂ ಅಳಿಸಬಾರದು. ಆಮೇಲೆ ಅಕ್ಷಾಂಶ, ರೇಖಾಂಶ, ಫೋಟೋ ತೆಗೆದ ದಿನ, ಮಾಹಿತಿ ಹೇಳಿದವರು ಯಾರು, ಬರೆದ ವಿದ್ಯಾರ್ಥಿ ಯಾರು. ಬಾವಿ ಮುಚ್ಚಿಹೋದರೆ ಸಾಲನ್ನು ಹೊಡೆದುಹಾಕಬಾರದು. ‘ಇಂಥ ದಿನ ಮುಚ್ಚಿದೆ’ ಎಂದು ಪಕ್ಕದಲ್ಲಿ ಬರೆಯಬೇಕು. ಅದರ ಸಂಖ್ಯೆಯನ್ನು ಹೊಸ ಬಾವಿಗೆ ಕೊಡಬಾರದು. ಸಾಧ್ಯವಿದ್ದ ಕಡೆ ಆ ಸಂಖ್ಯೆಯನ್ನು ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಯಬೇಕು. ಹಳೆಯ ಶಾಸನ, ವೀರಗಲ್ಲುಗಳ ಮೇಲೆ ಮಾತ್ರ ಬಣ್ಣ ಬೇಡ; ಅವನ್ನು ಮುಟ್ಟದೆ ಫೋಟೋ ತೆಗೆಯಿರಿ. ಜನರ ಹೆಸರು, ಫೋನ್ ನಂಬರ್, ಯಾರ ಮನೆ ಯಾವುದು ಎಂಬುದನ್ನು ನಕ್ಷೆಗೆ ಹಾಕಬೇಡಿ. ಅದು ಊರಿನ ಸಾಮಾನ್ಯ ಆಸ್ತಿಯಲ್ಲ.

ಕೆಲಸ ಹಂಚಿಕೊಳ್ಳೋಣ. ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಹಳೆಯ ವಿದ್ಯಾರ್ಥಿಗಳು ಉಪಗ್ರಹ ಚಿತ್ರ ನೋಡಿಕೊಂಡು ಕೆರೆಯ ಅಂಚು, ರಸ್ತೆಗಳ ಗೆರೆ ಎಳೆಯಬಹುದು. ಅದಕ್ಕೆ ಊರಿಗೆ ಬರಬೇಕಾಗಿಲ್ಲ. ಒಂಬತ್ತನೇ ತರಗತಿಯ ಮಕ್ಕಳು ಶನಿವಾರ ಮಧ್ಯಾಹ್ನ ಶಿಕ್ಷಕರ ಜೊತೆ ನಡೆದು ನೋಡಿ ಬರಬಹುದು. ಆದರೆ ಆ ತೂಬಿನ ಹೆಸರೇನು, ಆ ಓಣಿ ಎಲ್ಲಿಗೆ ಹೋಗುತ್ತಿತ್ತು, ಆ ಬಾವಿ ತೋಡಿಸಿದ್ದು ಯಾವ ಬರಗಾಲದಲ್ಲಿ ಎಂದು ಹೇಳಬಲ್ಲವರು ಹಿಂದಿನ ಸಾಲಿನಲ್ಲಿ ಕೂತಿರುವ ನಮ್ಮ ಅಜ್ಜಂದಿರು, ಅಜ್ಜಿಯರು. ಗೆರೆ ಆಮೇಲೆ ಯಾವಾಗಲಾದರೂ ಎಳೆಯಬಹುದು. ಅವರ ನೆನಪು ಆಮೇಲೆ ಸಿಗುವುದಿಲ್ಲ. ಆದ್ದರಿಂದ ಮಕ್ಕಳೇ, ಮೊದಲು ಮೊಬೈಲು ತೆಗೆಯಬೇಡಿ, ಮೊದಲು ಅವರ ಹತ್ತಿರ ಹೋಗಿ ಕೂತುಕೊಳ್ಳಿ.

ಗೋಷ್ಠಿಗೆ ಬರುವಾಗ ಅಂಥ ಒಂದು ಖಾಲಿ ರಿಜಿಸ್ಟರ್ ತಂದು, ಕಾಲಂ ಎಳೆದು, ಒಂದರಿಂದ ಇನ್ನೂರರವರೆಗೆ ಸಂಖ್ಯೆ ಬರೆದು ಮುಖ್ಯೋಪಾಧ್ಯಾಯರ ಕೈಗೆ ಒಪ್ಪಿಸಿದ್ದೇನೆ. ನಕ್ಷೆಯಲ್ಲಿ ಬರೆಯುವುದನ್ನು ಕಲಿಸಲು ವರ್ಷಕ್ಕೆ ಎರಡು ಸಲ, ದಸರಾ ರಜೆಗೆ ಮುಂಚೆ ಒಂದು ಶನಿವಾರ, ಸಂಕ್ರಾಂತಿ ಆದಮೇಲೆ ಒಂದು ಶನಿವಾರ, ನಾನು ಬರುತ್ತೇನೆ. ಮೊದಲನೇ ಸಂಖ್ಯೆಯನ್ನು ಯಾವುದಕ್ಕೆ ಕೊಡಬೇಕೆಂದು ಊರಿನ ಹಿರಿಯರೇ ತೀರ್ಮಾನಿಸಲಿ.